ದೊಡ್ಡ ಪರದೆ ತರಿಸುವ ಮುನ್ನ

"ಕೆಲಸಕ್ಕೆ ಪರದೆ ಸಾಲದು, ದೊಡ್ಡ ಮಾನಿಟರ್ ತರಿಸಿ" ಎಂಬ ಮಾತು ಕಂಪ್ಯೂಟರ್ ಇರುವಲ್ಲೆಲ್ಲ ಕೇಳಿಬರುತ್ತದೆ. ಕೊಟೇಶನ್ ಬರುತ್ತದೆ, ಹೊಸತು ಬರುತ್ತದೆ. ನಿನ್ನೆಯವರೆಗೆ ಚೆನ್ನಾಗಿಯೇ ಇದ್ದ ಹಳೆಯದು ಉಗ್ರಾಣದ ಮೂಲೆ ಸೇರಿ, ಅಲ್ಲಿಂದ ಗುಜರಿ ಗಾಡಿ ಹತ್ತುತ್ತದೆ. ಈ ಪದ್ಧತಿ ಅವೈಜ್ಞಾನಿಕವಾದುದು, ಮಲೆನಾಡಿನ ಮಣ್ಣಿಗೆ ಅಪಾಯಕಾರಿಯಾದುದು.

ಅಗತ್ಯವೇ ಸುಳ್ಳೆಂದು ಇದರ ಅರ್ಥವಲ್ಲ. 2024ರ ಜುಲೈ 31ರ ಪಶ್ಚಿಮಘಟ್ಟ ಕರಡು ಅಧಿಸೂಚನೆಯು ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಅಂಥ ಅಧಿಸೂಚನೆಯ ಗ್ರಾಮಪಟ್ಟಿ, ಊರಿನ ನಕ್ಷೆ, ಉಪಗ್ರಹ ಚಿತ್ರ ಇವನ್ನು ಅಕ್ಕಪಕ್ಕ ಇಟ್ಟು ನೋಡುವ ವಿದ್ಯಾರ್ಥಿಗೆ ಒಂದು ಪರದೆ ಸಾಲದೆಂಬುದು ದಿಟ. ಆದರೆ ಹೆಚ್ಚು ಜಾಗ ಬೇಕೆನ್ನುವುದು ಬೇರೆ, ದೊಡ್ಡ ಪೆಟ್ಟಿಗೆ ಬೇಕೆನ್ನುವುದು ಬೇರೆ.

ಪರದೆಯಲ್ಲಿ ಎಷ್ಟು ವಿವರ ಹಿಡಿಯುವುದೆಂಬುದನ್ನು ನಿರ್ಧರಿಸುವುದು ಇಂಚು ಅಲ್ಲ, ಪಿಕ್ಸೆಲ್ ಎಂಬ ಚುಕ್ಕಿಗಳ ಸಂಖ್ಯೆ. ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಲಾಗಿ 1920, ಲಂಬವಾಗಿ 1080, ಒಟ್ಟು 20,73,600 ಚುಕ್ಕಿಗಳಿವೆ. 22 ಇಂಚಿನದಾಗಲಿ 27 ಇಂಚಿನದಾಗಲಿ ಲೆಕ್ಕ ಇಷ್ಟೇ. ಚುಕ್ಕಿ ದಪ್ಪವಾಗುತ್ತದೆಯೇ ಹೊರತು ನಕ್ಷೆಯಲ್ಲಿ ಒಂದು ಗುಂಟೆಯೂ ಹೆಚ್ಚಿಗೆ ಕಾಣದು. ಮೂಲೆಗೆ ಬಿದ್ದ 19 ಇಂಚಿನ ಚೌಕ ಎಲ್‌ಸಿಡಿಗಳಲ್ಲಿ ಸಾಮಾನ್ಯವಾಗಿ 1280 ಮತ್ತು 1024ರ ಲೆಕ್ಕದಲ್ಲಿ 13,10,720 ಚುಕ್ಕಿಗಳಿರುತ್ತವೆ. ಅಂಥ ಎರಡನ್ನು ಜೋಡಿಸಿದರೆ 26,21,440! ಹೊಸದಕ್ಕಿಂತ ಕಾಲು ಪಾಲು ಹೆಚ್ಚು. 4ಕೆ ಪರದೆಯ ಮಾತು ಬೇರೆ. ಅದರ ಬೆಲೆಯೂ ಬೇರೆ. ಹಲವು ಕಂಪ್ಯೂಟರುಗಳಲ್ಲಿ ಎರಡನೆಯ ಮಾನಿಟರಿಗೆ ಕಿಂಡಿ ಇದ್ದೇ ಇರುತ್ತದೆ. ಹೊಂದದಿದ್ದರೆ ಒಂದು ಚಿಕ್ಕ ಪರಿವರ್ತಕ ಸಾಕು. ವಿಂಡೋಸ್ ಗುಂಡಿಯೊಡನೆ 'ಪಿ' ಒತ್ತಿ 'ಎಕ್ಸ್‌ಟೆಂಡ್' ಆರಿಸಿದರೆ ಕೆಲಸದ ಜಾಗ ಎರಡಕ್ಕೂ ಹರಡುತ್ತದೆ.

ಹಳೆಯವು ವಿದ್ಯುತ್ತನ್ನು ಹೆಚ್ಚು ನುಂಗುತ್ತವೆಂಬ ಆಕ್ಷೇಪ ನಿಜವೇ. ಎರಡು ಹಳೆಯವಕ್ಕೆ ಸುಮಾರು 75 ವ್ಯಾಟ್, ಒಂದು ಹೊಸ ಎಲ್‌ಇಡಿಗೆ ಸುಮಾರು 25 ಎಂದಿಟ್ಟುಕೊಳ್ಳೋಣ. ದಿನಕ್ಕೆ 6 ಗಂಟೆಯಂತೆ 250 ದಿನ ಉರಿಸಿದರೆ ವರ್ಷಕ್ಕೆ 75 ಯೂನಿಟ್ ವ್ಯತ್ಯಾಸ. ಬೆಳಕು ತಗ್ಗಿಸಿ, ಎರಡನೆಯದನ್ನು ಬೇಕಾದಾಗ ಮಾತ್ರ ಹಚ್ಚಿದರೆ ಅದೂ ಇಳಿಯುತ್ತದೆ. ಹೊಸ ಮಾನಿಟರ್ ತಯಾರಿಸಲು ಅದಿರು ಅಗೆದು, ಗಾಜು ಕರಗಿಸಿ ವ್ಯಯಿಸಿದ ಶಕ್ತಿಯಾದರೋ ನಮ್ಮ ಮೀಟರಿನಲ್ಲಿ ಕಾಣುವುದೇ ಇಲ್ಲ.

ಗುಜರಿಗೆ ಹೋದದ್ದರ ಗತಿಯೇನು? ಹಳೆಯ ಡಬ್ಬಿ ಮಾನಿಟರಿನ ಗಾಜಿನಲ್ಲಿ ಸೀಸವಿದೆ. ಹಳೆಯ ಎಲ್‌ಸಿಡಿಯ ದೀಪದ ಕೊಳವೆಗಳಲ್ಲಿ ಪಾದರಸವಿದೆ. ತಾಮ್ರಕ್ಕಾಗಿ ಒಡೆದು ಉಳಿದುದನ್ನು ಹಳ್ಳದ ದಂಡೆಗೆ ಎಸೆದರೆ ಅವು ಕೊಳೆತು ಗೊಬ್ಬರವಾಗುವ ವಸ್ತುಗಳಲ್ಲ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಸೀಸದಂಥ ಲೋಹಗಳು ಸುಲಭವಾಗಿ ಕರಗುತ್ತವೆ. ಧೋ ಎಂದು ಸುರಿಯುವ ಮಳೆ ಅವನ್ನು ಗದ್ದೆಬಯಲಿಗೆ ಸಾಗಿಸುತ್ತದೆ. ಪರದೆ ಕೊಂಡವರು ಒಬ್ಬರು, ವಿಷ ಉಣ್ಣುವವರು ಕೆಳಗದ್ದೆಯವರು. ಇದು ಯಾವ ನ್ಯಾಯ?

ಆದುದರಿಂದ ಹೊಸ ಮಾನಿಟರಿನ ಕೊಟೇಶನ್ ಸಭೆಯ ಮುಂದೆ ಬಂದಾಗ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಮೂರು ಪ್ರಶ್ನೆ ಕೇಳಬೇಕು: ಇದರಲ್ಲಿ ಚುಕ್ಕಿಗಳೆಷ್ಟು? ಉಗ್ರಾಣದಲ್ಲಿ ನಡೆಯುವ ಸ್ಥಿತಿಯ ಹಳೆಯವೆಷ್ಟು? ಕೆಟ್ಟವು ಯಾರ ಕೈಸೇರುತ್ತವೆ? 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವನ್ನು ಸಂಸ್ಕರಿಸುವವರು ನೋಂದಾಯಿತರಾಗಿರಲೇಬೇಕು. ಮೂರಕ್ಕೂ ಉತ್ತರ ದೊರೆಯುವ ತನಕ ಖರೀದಿಗೆ ಒಪ್ಪಿಗೆ ಕೊಡಬೇಡಿರಿ.