ಜೋಳ ಅಂದರೆ ಕಾರ್ನ್ ಅಲ್ಲ: ಮೆನು ಕಾರ್ಡ್ ಕಲಿಸಬಹುದಾದ ಪಾಠ

ರಾಯಚೂರಿನ ಹೋಟೆಲುಗಳಲ್ಲಿ ಈಗ ಇಂಗ್ಲಿಷ್ ಮೆನು ಕಾರ್ಡ್ ಸಾಮಾನ್ಯವಾಗಿದೆ. ಶಕ್ತಿನಗರದ ವಿದ್ಯುತ್ ಕೇಂದ್ರ, ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಐಐಐಟಿ ಇವುಗಳಿಗೆ ದೂರದ ಊರುಗಳಿಂದ ಜನ ಬರುತ್ತಾರೆ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಂಡಿಯ ಹೆಸರು ಬರೆಯುವುದು ಸರಿಯಾದ ಕೆಲಸವೇ. ಆದರೆ ಬರೆಯುವ ರೀತಿ ನೋಡಿ: ಜೋಳದ ರೊಟ್ಟಿ ‘ಕಾರ್ನ್ ರೋಟಿ’ ಆಗುತ್ತದೆ, ಗುರೆಳ್ಳು ಚಟ್ನಿ ‘ಬ್ಲ್ಯಾಕ್ ಸೆಸಮಿ’ ಆಗುತ್ತದೆ, ನಮ್ಮ ಮಂಡಾಳ ಒಗ್ಗರಣಿ ಬರೀ ‘ಸೀಸನಿಂಗ್’ ಆಗಿಬಿಡುತ್ತದೆ. ಇದು ಹೋಟೆಲಿನವರ ತಲೆನೋವು, ನಮಗೇಕೆ ಎಂದು ಕೇಳಬಹುದು. ಇದೇ ಅನುವಾದ ನಮ್ಮ ಪಾಠ ಯೋಜನೆಗಳಲ್ಲೂ ನುಸುಳುತ್ತಿದೆ ಎಂಬುದೇ ನನ್ನ ಉತ್ತರ.

ವಿಜ್ಞಾನದ ವಿದ್ಯಾರ್ಥಿಯಾಗಿ ಮೊದಲು ಜೋಳದ ಮಾತು. ನಾವು ರೊಟ್ಟಿ ಬಡಿಯುವ ಬಿಳಿಜೋಳ ಸೋರ್ಗಮ್ ಬೈಕಲರ್. ಅದರ ಮೂಲ ಆಫ್ರಿಕ. ಕಾರ್ನ್ ಎಂದು ಈಗ ಎಲ್ಲರೂ ಅರ್ಥಮಾಡಿಕೊಳ್ಳುವುದು ಮೆಕ್ಕೆಜೋಳವನ್ನು, ಅಂದರೆ ಜಿಯಾ ಮೇಸ್. ಅದರ ಮೂಲ ಮೆಕ್ಸಿಕೊ. ಮೈಸೂರು ಕಡೆ ಬರೀ ಜೋಳ ಎಂದರೆ ಮುಸುಕಿನ ಜೋಳ ಎಂದುಕೊಳ್ಳುವವರಿದ್ದಾರೆ, ನಮ್ಮಲ್ಲಿ ಹಾಗಲ್ಲ. ಯಾಪಲದಿನ್ನಿಯಂಥ ಗಡಿಭಾಗದಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೂ ‘ಜೊನ್ನ’ ಬೇರೆ, ‘ಮೊಕ್ಕಜೊನ್ನ’ ಬೇರೆ. ಶಾಲೆಗೆ ಬರುವ ಮೊದಲೇ ಮಗುವಿಗೆ ಗೊತ್ತಿರುವ ಈ ವ್ಯತ್ಯಾಸವನ್ನು ನಾವು ಕಪ್ಪುಹಲಗೆಯ ಮೇಲೆ ‘ಜೋಳ = ಕಾರ್ನ್’ ಎಂದು ಬರೆದು ಅಳಿಸಿಹಾಕುತ್ತೇವೆ. ಗುರೆಳ್ಳೂ ಹಾಗೆಯೇ. ಹೆಸರಿನಲ್ಲಿ ಎಳ್ಳು ಇದ್ದರೂ ಅದು ಎಳ್ಳಲ್ಲ, ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಗಿಡ. ಇಂಗ್ಲಿಷಿನಲ್ಲಿ ಅದಕ್ಕೆ ‘ನೈಜರ್’ ಎಂಬ ಹೆಸರೇ ಇದೆ.

ಇನ್ನು ತಿನ್ನುವವರ ಆರೋಗ್ಯ. ಗೋಧಿಯ ಗ್ಲುಟೆನ್ ಸೇರದ ಸೀಲಿಯಾಕ್ ಕಾಯಿಲೆಯವರು ಮೆನುವಿನಲ್ಲಿ ‘ಇಂಡಿಯನ್ ಬ್ರೆಡ್’ ಎಂದು ಓದಿದರೆ ಜೋಳದ ರೊಟ್ಟಿಯನ್ನು ಬಿಟ್ಟುಬಿಡುತ್ತಾರೆ. ಜೋಳದಲ್ಲಿ ಆ ಗ್ಲುಟೆನ್ ಇಲ್ಲ. ಅದೇ ಕಾರ್ಡಿನಲ್ಲಿ ಗೋಧಿ ಹುಗ್ಗಿಯನ್ನು ‘ಸ್ವೀಟ್ ಪಾರಿಜ್’ ಎಂದು ಬರೆದರೆ ಗೋಧಿ ಇರುವುದೇ ಮರೆಯಾಗುತ್ತದೆ. ಎಣ್ಣೆಗಾಯಿಯನ್ನು ‘ಸ್ಟಫ್ಡ್ ಬ್ರಿಂಜಾಲ್’ ಎಂದರೆ ಒಳಗೆ ತುಂಬಿದ ಶೇಂಗಾ ಪುಡಿಯ ಸುಳಿವು ಸಿಗುವುದಿಲ್ಲ. ಶೇಂಗಾ ಅಲರ್ಜಿ ಕೆಲವರ ಪ್ರಾಣಕ್ಕೇ ಕುತ್ತು ತರಬಲ್ಲದು. ಒಂದು ಶಬ್ದದ ಅನುವಾದ ಇಲ್ಲಿ ಬರೀ ಭಾಷೆಯ ವಿಷಯವಾಗಿ ಉಳಿಯುವುದಿಲ್ಲ.

ಹಾಗಾದರೆ ಬೇರೆ ದೇಶದವರು ತಮ್ಮ ತಿನಿಸಿನ ಹೆಸರನ್ನು ಏನು ಮಾಡಿದ್ದಾರೆ? ಇಟಲಿಯನ್ನು ನೋಡೋಣ. ಪಿಜ್ಜಾ, ಪಾಸ್ತಾ, ಸ್ಪಾಗೆಟಿ ಯಾವುದೂ ಇಂಗ್ಲಿಷಿಗೆ ಅನುವಾದವಾಗಲಿಲ್ಲ, ಹೆಸರಾಗಿಯೇ ಹೋದವು. ಸ್ಪಾಗೆಟಿ ಎಂದರೆ ತೆಳುವಾದ ದಾರಗಳು. ವರ್ಮಿಚೆಲ್ಲಿ ಎಂದರೆ ಚಿಕ್ಕ ಹುಳುಗಳು. ಅನುವಾದ ಮಾಡಿದ್ದರೆ ಯಾರು ತಿನ್ನುತ್ತಿದ್ದರು? ತಮಾಷೆ ಏನೆಂದರೆ, ನಮ್ಮ ಶ್ಯಾವಿಗೆಗೆ ನಾವು ಕಲಿಸುವ ‘ಇಂಗ್ಲಿಷ್’ ಶಬ್ದ ‘ವರ್ಮಿಸೆಲ್ಲಿ’ಯೇ. ಅದು ಇಟಲಿಯವರ ಶಬ್ದ. ಅವರ ಹುಳುವಿಗೆ ಇಂಗ್ಲಿಷಿನಲ್ಲಿ ಜಾಗ ಸಿಕ್ಕಿದೆ, ನಮ್ಮ ಶ್ಯಾವಿಗೆಗೆ ಸಿಕ್ಕಿಲ್ಲ.

ಹೆಸರನ್ನು ಹಾಗೇ ಇಟ್ಟುಕೊಂಡರೆ ಮುಗಿಯಿತೇ? ಇಲ್ಲ. ‘ಪೆಪೆರೋನಿ’ ಎಂದರೆ ಇಟಲಿಯಲ್ಲಿ ದೊಣ್ಣೆಮೆಣಸಿನಕಾಯಿ. ಅಮೆರಿಕಕ್ಕೆ ಹೋಗಿ ಅದು ಮಾಂಸದ ಸಾಸೇಜ್ ಆಯಿತು. ‘ಲಾತೆ’ ಎಂದರೆ ಅಲ್ಲಿ ಬರೀ ಹಾಲು. ಹೊರಗೆ ಅದು ಹಾಲು ಬೆರೆಸಿದ ಕಾಫಿ. ಹೆಸರು ಒಂಟಿಯಾಗಿ ಊರು ಬಿಟ್ಟರೆ ಅರ್ಥ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ಹೆಸರಿನ ಜೊತೆಗೆ ವಿವರಣೆಯೂ ಬೇಕು. ನನ್ನ ಸಲಹೆ ಮೂರು ಭಾಗದ್ದು: ಮೊದಲು ನಮ್ಮ ಹೆಸರು, ನಂತರ ಅದರಲ್ಲಿ ಏನಿದೆ, ಕೊನೆಗೆ ಹೇಗೆ ಮಾಡಿದ್ದು.

ಇದನ್ನೇ ಬೋಧನಾಭ್ಯಾಸದಲ್ಲಿ ಒಂದು ಅವಧಿಯ ಪಾಠ ಮಾಡಬಹುದು. ಒಂಬತ್ತನೆಯ ತರಗತಿಯ ಮಕ್ಕಳಿಗೆ, ‘ದೆಹಲಿಯಿಂದ ಬಂದ ಅತಿಥಿಗೆ ನಮ್ಮೂರ ಐದು ತಿನಿಸು ತಿಳಿಸಿ’ ಎಂದು ಕೆಲಸ ಕೊಡಿ. ಒಗ್ಗರಣಿ ಬಂದಾಗ ಗುಂಪಿನಲ್ಲಿ ಚರ್ಚೆ ಆಗಲಿ. ಮಂಡಾಳು ನೆನೆಸಬೇಕು, ಹಿಂಡಬೇಕು, ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಹಾಕಿ ಕಲಸಬೇಕು, ಮೇಲೆ ಪುಟಾಣಿ ಪುಡಿ, ಪಕ್ಕಕ್ಕೆ ಮಿರ್ಚಿ. ತೆಲುಗು ಮನೆಯ ಮಗು ‘ನಾವು ಉಗ್ಗಾಣಿ ಅಂತೀವಿ’ ಎನ್ನುತ್ತದೆ. ಅದೂ ಕಾರ್ಡಿಗೆ ಬರಲಿ. ಇಲ್ಲಿ ‘ಸೋಕ್ಡ್, ಸ್ಕ್ವೀಜ್ಡ್, ರೋಸ್ಟೆಡ್, ಸ್ಟಫ್ಡ್’ ಎಂಬ ಭೂತಕೃದಂತಗಳು ತಾವಾಗಿಯೇ ಬರುತ್ತವೆ. ವ್ಯಾಕರಣ ಪುಸ್ತಕದ ‘ಎ ಬ್ರೋಕನ್ ಚೇರ್’ಗಿಂತ ‘ಸ್ಟಫ್ಡ್ ಬ್ರಿಂಜಾಲ್ ವಿತ್ ಗ್ರೌಂಡ್‌ನಟ್’ ಬೇಗ ನೆನಪಿನಲ್ಲಿ ಉಳಿಯುತ್ತದೆ. ವಿಜ್ಞಾನ ಶಿಕ್ಷಕರು ಮುಂದುವರಿಸಿ ಧಾನ್ಯಗಳ ವರ್ಗೀಕರಣಕ್ಕೆ ಹೋಗಬಹುದು. ನವಣೆಯ ವೈಜ್ಞಾನಿಕ ಹೆಸರು ಸೆಟೇರಿಯಾ ಇಟಾಲಿಕಾ. ಚೀನಾದಲ್ಲಿ ಮೊದಲು ಒಗ್ಗಿಸಿದ ಈ ಧಾನ್ಯದ ಹೆಸರಿನಲ್ಲಿ ಇಟಲಿ ಏಕೆ ಬಂತು ಎಂದು ಮಕ್ಕಳು ಕೇಳಿದರೆ ಆ ದಿನದ ಪಾಠ ಗೆದ್ದಂತೆ.

ಕೆಲವು ಸಹಪಾಠಿಗಳ ಆಕ್ಷೇಪ ನನಗೆ ಗೊತ್ತು. ‘ಪರೀಕ್ಷೆಯಲ್ಲಿ ರೊಟ್ಟಿ, ಒಗ್ಗರಣಿ ಅಂತ ಬರೆದರೆ ಅಂಕ ಕೊಡ್ತಾರಾ? ಮಕ್ಕಳಿಗೆ ಶುದ್ಧ ಇಂಗ್ಲಿಷ್ ಬೇಕಲ್ಲವೇ?’ ಎನ್ನುತ್ತಾರೆ. ಈ ಆತಂಕ ಸುಳ್ಳಲ್ಲ. ಹಳ್ಳಿಯ ಶಾಲೆಯ ಮಗುವಿಗೆ ಇಂಗ್ಲಿಷ್ ಒಂದು ಬಾಗಿಲು. ಅದನ್ನು ಮುಚ್ಚುವ ಹಕ್ಕು ನಮಗಿಲ್ಲ. ಆದರೆ ನಾನು ಹೇಳುತ್ತಿರುವ ಮೂರು ಭಾಗದಲ್ಲಿ ಎರಡು ಭಾಗ ಇಂಗ್ಲಿಷೇ. ‘ಕಾರ್ನ್’ ಎಂಬ ಒಂದು ತಪ್ಪು ಶಬ್ದದ ಬದಲು ಮಗು ಒಂದು ಪೂರ್ಣ ವಾಕ್ಯ ಬರೆಯುತ್ತದೆ. ಇಡ್ಲಿ, ದೋಸೆ ಈಗಾಗಲೇ ಇಂಗ್ಲಿಷ್ ನಿಘಂಟು ಸೇರಿವೆ. ಬರೆಯುವವರು ಬಿಡದೆ ಬರೆದದ್ದರಿಂದಲೇ ಅದು ಸಾಧ್ಯವಾಯಿತು.

ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎಂಬುದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಮೊದಲ ಮಾರ್ಗದರ್ಶಿ ತತ್ವ. ನಾವು ಅದನ್ನು ಉತ್ತರ ಪತ್ರಿಕೆಯಲ್ಲಿ ತಪ್ಪದೇ ಬರೆಯುತ್ತೇವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಶಾಲೆಗಳಲ್ಲಿ ಭಿತ್ತಿಚಿತ್ರಗಳೂ ಬಂದವು. ಅದೇ ಉತ್ಸಾಹ ದಿನನಿತ್ಯದ ಶಬ್ದಗಳ ವಿಷಯದಲ್ಲೂ ಇರಲಿ.

ಪಾಠ ವೀಕ್ಷಿಸುವ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ನಮ್ಮ ವೀಕ್ಷಣಾ ಹಾಳೆಯಲ್ಲಿ ಧ್ವನಿ, ಕಪ್ಪುಹಲಗೆ ಬಳಕೆ, ಸಮಯಪಾಲನೆಗೆ ಅಂಕಣಗಳಿವೆ. ಮಗು ಮನೆಯಿಂದ ತಂದ ಶಬ್ದಕ್ಕೆ ತರಗತಿಯಲ್ಲಿ ಏನಾಯಿತು ಎಂಬುದಕ್ಕೂ ಒಂದು ಅಂಕಣ ಸೇರಿಸಿ. ಅನುವಾದವನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಮಗು ಬರೆದ ಸಾಲನ್ನು ಓದಿದ ಹೊರಗಿನವರಿಗೆ ತಟ್ಟೆಯಲ್ಲಿ ಏನಿದೆ ಎಂದು ತಿಳಿಯಿತೇ? ತಿಳಿಯಿತು ಎಂದಾದರೆ ಆ ಮಗುವಿನ ಇಂಗ್ಲಿಷ್ ಸರಿಯಾದ ದಾರಿಯಲ್ಲಿದೆ.