ಆ ಕಣ್ಣೀರು ಅಭಿನಯವಾಗಿರಲಿಲ್ಲ

ಬರ್ನಾರ್ಡೊ ಬರ್ಟೊಲುಚಿಯ ‘ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್’ (1972) ಬಗ್ಗೆ ಮಾತು ಬಂದಾಗಲೆಲ್ಲ ಸಿನಿಮಾಪ್ರಿಯರ ಬಾಯಲ್ಲಿ ಎರಡು ಸಮರ್ಥನೆಗಳು ತಯಾರಿರುತ್ತವೆ. ಒಂದು, ಅದು ಆ ಕಾಲದ ರೀತಿ. ಇನ್ನೊಂದು, ಕಲೆಗೆ ಸತ್ಯ ಬೇಕು, ಸತ್ಯಕ್ಕೆ ಬೆಲೆ ತೆರಲೇಬೇಕು. ಬೆಲೆ ತೆರುವ ಬಗ್ಗೆ ನನ್ನ ತಕರಾರಿಲ್ಲ. ತೆತ್ತವರು ಯಾರು, ಅವರನ್ನು ಕೇಳಿ ವಸೂಲು ಮಾಡಿದರೇ ಎಂಬುದಷ್ಟೇ ನನ್ನ ಪ್ರಶ್ನೆ.

ಹೆಂಡತಿಯನ್ನು ಕಳೆದುಕೊಂಡ ನಡುವಯಸ್ಸಿನ ಅಮೆರಿಕನ್ ಒಬ್ಬ ಪ್ಯಾರಿಸ್ಸಿನ ಖಾಲಿ ಫ್ಲ್ಯಾಟಿನಲ್ಲಿ ಒಬ್ಬ ಯುವತಿಯನ್ನು ಕೂಡುತ್ತಾನೆ. ಹೆಸರು ಹೇಳಬಾರದು, ಹಿಂದಿನದನ್ನು ಕೇಳಬಾರದು ಎಂಬ ಕರಾರು ಅವನದೇ. ಅವನಾಗಿ ನಟಿಸಿದ ಮಾರ್ಲನ್ ಬ್ರಾಂಡೊ ಆಗ ಐವತ್ತರ ಸಮೀಪದಲ್ಲಿದ್ದ ಜಗತ್ಪ್ರಸಿದ್ಧ ನಟ. ಯುವತಿಯಾಗಿ ನಟಿಸಿದ ಮಾರಿಯಾ ಶ್ನೈಡರ್‌ಗೆ 19 ವರ್ಷ. ಅತ್ಯಾಚಾರದ ಆ ಕುಖ್ಯಾತ ದೃಶ್ಯದಲ್ಲಿ ಬೆಣ್ಣೆ ಬಳಸುವುದೆಂದು ನಿರ್ದೇಶಕ ಮತ್ತು ನಾಯಕನಟ ತಮ್ಮೊಳಗೆ ತೀರ್ಮಾನಿಸಿಕೊಂಡರು. ಅವಳಿಂದ ಅದನ್ನು ಮುಚ್ಚಿಟ್ಟರು. ದೃಶ್ಯದಲ್ಲಿನ ಸಂಭೋಗ ನಟನೆ, ಕಣ್ಣೀರು ಮಾತ್ರ ನಿಜ ಎಂದು ಶ್ನೈಡರ್ 2007ರಲ್ಲಿ ಹೇಳಿದರು. ಅವಳು ನಟಿಯಾಗಿ ಅಲ್ಲ, ಹುಡುಗಿಯಾಗಿ ಪ್ರತಿಕ್ರಿಯಿಸಲಿ ಎಂದೇ ಹಾಗೆ ಮಾಡಿದೆ ಎಂದು ಬರ್ಟೊಲುಚಿ 2013ರಲ್ಲಿ ಒಪ್ಪಿಕೊಂಡರು. ತಪ್ಪಿತಸ್ಥ ಭಾವನೆ ಇದೆ, ಪಶ್ಚಾತ್ತಾಪವಿಲ್ಲ ಎಂದೂ ಸೇರಿಸಿದರು. ಅಷ್ಟು ಹೊತ್ತಿಗೆ ಶ್ನೈಡರ್ ತೀರಿಕೊಂಡು ಎರಡು ವರ್ಷವಾಗಿತ್ತು.

2016ರಲ್ಲಿ ಗದ್ದಲವೆದ್ದಾಗ ಬರ್ಟೊಲುಚಿ ಕೊಟ್ಟ ಸಮಜಾಯಿಷಿ ಇದು: ದೃಶ್ಯದಲ್ಲಿ ಹಿಂಸೆಯಿದೆಯೆಂದು ಚಿತ್ರಕಥೆ ಓದಿದ್ದ ಅವಳಿಗೆ ಗೊತ್ತಿತ್ತು, ಹೊಸದಾಗಿ ಸೇರಿದ್ದು ಬೆಣ್ಣೆಯೊಂದೇ. ಅವರ ಮಾತನ್ನೇ ನಂಬೋಣ. ಆಗಲೂ ಉಳಿಯುವುದೇನು? ಅವಳಿಗೆ ಗೊತ್ತಿಲ್ಲದ ಆ ಒಂದು ಸಂಗತಿಯಿಂದಲೇ ಅವಮಾನ ಹುಟ್ಟಬೇಕೆಂಬುದು ಯೋಜನೆಯಾಗಿತ್ತು. ಅಂದರೆ, ಅವಳ ಅರಿವಿಲ್ಲದಿರುವುದೇ ಅಲ್ಲಿ ಬಂಡವಾಳ. ಬ್ರಾಂಡೊ ಕೂಡ ಈ ಚಿತ್ರದಿಂದ ತನ್ನ ಮೇಲೆ ಅತಿಕ್ರಮಣವಾಯಿತೆಂದು ಭಾವಿಸಿದ್ದರು ನಿಜ. ಆದರೆ ಆ ಬೆಳಿಗ್ಗೆ ಏನು ನಡೆಯಲಿದೆಯೆಂದು ಅವರಿಗೆ ಗೊತ್ತಿತ್ತು. ಅಧಿಕಾರವೆಂದರೆ ಇದೇ: ಮುಂದೇನೆಂದು ಒಬ್ಬರಿಗೆ ಗೊತ್ತಿರುವುದು, ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದು.

ಇದರ ಪಕ್ಕಕ್ಕೆ ನಾಗಿಸಾ ಓಶಿಮಾ ಅವರ ‘ಇನ್ ದಿ ರೆಲ್ಮ್ ಆಫ್ ದಿ ಸೆನ್ಸಸ್’ (1976) ಇಟ್ಟು ನೋಡಿ. ಅಲ್ಲಿ ಸಂಭೋಗ ನಟನೆಯಲ್ಲ, ನಿಜ. ಜಪಾನಿನ ಕಾನೂನಿನಿಂದ ತಪ್ಪಿಸಿಕೊಳ್ಳಲು ಚಿತ್ರದ ರೀಲುಗಳನ್ನು ಫ್ರಾನ್ಸಿನಲ್ಲಿ ಸಂಸ್ಕರಿಸಬೇಕಾಯಿತು. ಆದರೆ ಕ್ಯಾಮೆರಾ ಎದುರು ಏನು ಮಾಡಲಿದ್ದೇವೆ ಎಂಬುದು ಏಕೊ ಮಾತ್ಸುದಾ ಮತ್ತು ತಾತ್ಸುಯಾ ಫೂಜಿ ಇಬ್ಬರಿಗೂ ತಿಳಿದಿತ್ತು. ಎಲ್ಲವನ್ನೂ ತೋರಿಸಿದ ಚಿತ್ರದಲ್ಲಿ ನಟಿಗೆ ಮೋಸವಾಗಲಿಲ್ಲ. ಎಲ್ಲವನ್ನೂ ನಟಿಸಿದ ಚಿತ್ರದಲ್ಲಿ ಆಯಿತು. ಹಾಗಾಗಿ ಎಷ್ಟು ಬಟ್ಟೆ ಕಳಚಿತು ಎಂದು ಎಣಿಸುತ್ತ ಕೂರುವುದು ದಂಡ.

ಹಾಗೆ ಎಣಿಸಿದವರಲ್ಲಿ ಇಟಲಿಯ ನ್ಯಾಯಾಲಯವೂ ಒಂದು. 1976ರಲ್ಲಿ ಅದು ‘ಲಾಸ್ಟ್ ಟ್ಯಾಂಗೊ’ ಪ್ರತಿಗಳನ್ನು ನಾಶಮಾಡಲು ಆದೇಶಿಸಿತು, ಬರ್ಟೊಲುಚಿಯ ಮತದಾನದ ಹಕ್ಕನ್ನು ಐದು ವರ್ಷ ಕಿತ್ತುಕೊಂಡಿತು. ಆರೋಪ ಅಶ್ಲೀಲತೆಯದು. ನ್ಯಾಯಾಧೀಶರು ಚಿಂತಿಸಿದ್ದು ನೋಡುಗರ ಲಜ್ಜೆಯ ಬಗ್ಗೆ, ರಸಿಕರು ಚಿಂತಿಸಿದ್ದು ನಿರ್ದೇಶಕನ ಸ್ವಾತಂತ್ರ್ಯದ ಬಗ್ಗೆ. ಸುಡಬೇಕೆಂದವರಿಗೂ ಪೂಜಿಸಬೇಕೆಂದವರಿಗೂ ಆ ಹುಡುಗಿ ನೆನಪಾಗಲಿಲ್ಲ.

ಅವಳು ಆಗ ಸುಮ್ಮನಿದ್ದು ವಯಸ್ಸಾದ ಮೇಲೆ ದೂರಿದಳು ಎನ್ನುವವರೂ ಇದ್ದಾರೆ. ಡೆಲ್ಫಿನ್ ಸೇರಿಗ್ ನಟಿಯರನ್ನೇ ಮಾತಾಡಿಸಿ ಮಾಡಿದ, 1981ರಲ್ಲಿ ಬಿಡುಗಡೆಯಾದ ಸಾಕ್ಷ್ಯಚಿತ್ರವೊಂದಿದೆ. ಅದರ ಹೆಸರಿನ ಅರ್ಥ ‘ಚೆಂದವಾಗಿರು, ಬಾಯಿ ಮುಚ್ಚಿಕೊಂಡಿರು’ ಎಂದು. ಗಂಡಸರ ಹಿಡಿತದ ಚಿತ್ರರಂಗದ ಬಗ್ಗೆ ಶ್ನೈಡರ್ ಅಲ್ಲೇ ಮಾತಾಡಿದ್ದಾರೆ. ಕೇಳಿಸಿಕೊಳ್ಳುವವರು ಇರಲಿಲ್ಲ, ಅಷ್ಟೆ.

ಇನ್ನು ‘ಸತ್ಯ ಬೇಕು’ ಎಂಬ ವಾದ. ಯಕ್ಷಗಾನದಲ್ಲಿ ಕೀಚಕವಧೆ ನಡೆದಾಗ ಕೀಚಕನ ವೇಷಧಾರಿಯ ಎಲುಬು ಮುರಿದರಷ್ಟೇ ರಸ ಹುಟ್ಟುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ? ಪಾತ್ರವೆಂದರೆ ಪಾತ್ರೆಯೂ ಹೌದು. ರುಚಿ ಉಣ್ಣುವವನಿಗೆ, ಪಾತ್ರೆಗಲ್ಲ ಎಂದು ನಮ್ಮ ಕಾವ್ಯಮೀಮಾಂಸೆ ಸಾವಿರ ವರ್ಷದ ಹಿಂದೆಯೇ ಕಂಡುಕೊಂಡಿತ್ತು. ನಟಿಯನ್ನು ನಿಜವಾಗಿ ನೋಯಿಸದೆ ನೋವು ತೋರಿಸಲಾಗದಿದ್ದರೆ, ಸೋತದ್ದು ನಿರ್ದೇಶಕನ ಕಸುಬು. ಇಂದು ಚಿತ್ರೀಕರಣಗಳಲ್ಲಿ ಇಂಟಿಮಸಿ ಕೋಆರ್ಡಿನೇಟರ್ ಇರುತ್ತಾರೆ. ಕತ್ತಿವರಸೆಯ ಹಾಗೆ ಆಲಿಂಗನಕ್ಕೂ ಮೊದಲೇ ಲೆಕ್ಕ ಹಾಕುತ್ತಾರೆ. ಇದರಿಂದ ಸಹಜತೆ ಸತ್ತಿತು ಎಂದು ಗೊಣಗುವವರು, ಯಾರ ಸಹಜತೆ ಎಂಬುದನ್ನೂ ಹೇಳಲಿ.

ಚಿತ್ರವನ್ನು ನಿಷೇಧಿಸಿ ಎನ್ನುವವನು ನಾನಲ್ಲ. 2024ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಸಿನೆಮಾಟೆಕ್ ಫ್ರಾನ್ಸೇಸ್, ಪ್ರತಿಭಟನೆಯ ನಂತರ ಇದರ ಪ್ರದರ್ಶನ ರದ್ದುಮಾಡಿತು. ಬಾಗಿಲು ಮುಚ್ಚಿದರೆ ಶ್ನೈಡರ್ ಅವರ ಮಾತೂ ಒಳಗೇ ಉಳಿಯುತ್ತದೆ. ತೋರಿಸಲಿ, ದೀಪ ಆರಿಸುವ ಮೊದಲು ಆ ದೃಶ್ಯ ಹೇಗೆ ತಯಾರಾಯಿತೆಂದು ಹೇಳಲಿ, ಮುಗಿದ ಮೇಲೆ ಸೇರಿಗ್ ಅವರ ಸಾಕ್ಷ್ಯಚಿತ್ರವನ್ನೂ ಹಾಕಲಿ. ‘ಅದ್ಭುತ’ ಎನ್ನುವವರು ಅಲ್ಲಿಯವರೆಗೂ ಕೂತು ನೋಡಿ, ಆಮೇಲೆ ಹೇಳಲಿ.