ಮೆತ್ತೆಗಿಂತ ಮೊದಲು ಅಗಲವನ್ನು ನೋಡಿ

ಬೆಂಗಳೂರಿನಲ್ಲಿ 2008ರಲ್ಲಿ ಹತ್ತು ಕಿಲೋಮೀಟರಿನ ವಿಶ್ವ ಓಟವು ಆರಂಭವಾದ ನಂತರದ ವರ್ಷಗಳಲ್ಲಿ, ದೂರದ ಓಟವೆಂಬುದು ಕೇವಲ ಕ್ರೀಡಾಪಟುಗಳ ಸ್ವತ್ತಾಗಿ ಉಳಿದಿಲ್ಲ. ಬ್ಯಾಂಕಿನ ನೌಕರರು, ಶಿಕ್ಷಕಿಯರು, ನಿವೃತ್ತರು ಕೂಡ ಇಪ್ಪತ್ತೊಂದು ಕಿಲೋಮೀಟರಿನ ಅರ್ಧ ಮ್ಯಾರಥಾನ್‌ಗೆ ಹೆಸರು ಕೊಡುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಹೀಗೆ ಓಡುವವರು ನನ್ನ ಚಿಕಿತ್ಸಾಲಯಕ್ಕೆ ತರುವ ದೂರುಗಳು ಬಹುಪಾಲು ಒಂದೇ ಬಗೆಯವು: ಕಿರುಬೆರಳಿನ ಮೇಲೆ ಆಣಿ, ಕಪ್ಪಾದ ಹೆಬ್ಬೆರಳ ಉಗುರು, ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಉರಿ, ಏಳೆಂಟು ಕಿಲೋಮೀಟರು ದಾಟುತ್ತಿದ್ದಂತೆ ಮುಂಗಾಲಿಗೆ ಹಿಡಿಯುವ ಜೋಮು. ಪಾದವನ್ನೂ ಶೂವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೊಡನೆ ಕಾರಣ ತಿಳಿಯುತ್ತದೆ. ಪಾದ ಅಗಲ, ಶೂ ಇಕ್ಕಟ್ಟು. "ಡಾಕ್ಟರೇ, ಅಂಗಡಿಯಲ್ಲಿ ಇದಕ್ಕಿಂತ ಮೆತ್ತಗಿನದು ಇರಲೇ ಇಲ್ಲ" ಎಂಬುದು ಅವರ ಉತ್ತರ.

ಅಗಲ ಪಾದದವರು ದೂರದ ಓಟಕ್ಕೆ ಶೂ ಆರಿಸುವಾಗ ಅಗಲವನ್ನು ಮೊದಲು ನೋಡಬೇಕು, ಮೆತ್ತೆಯನ್ನು ಆಮೇಲೆ. ಇಂದಿನ ಮಾರಾಟದ ಕ್ರಮ ಇದಕ್ಕೆ ತಲೆಕೆಳಗಾಗಿದೆ.

ಅಗಲವಾದ ಪಾದ ದೋಷವೆಂದು ಯಾರೂ ಭಾವಿಸಬಾರದು. ಬಾಲ್ಯವನ್ನು ಬರಿಗಾಲಿನಲ್ಲಿ, ಹೊಲದ ಬದುವಿನ ಮೇಲೆ, ಹೆಚ್ಚೆಂದರೆ ಚಪ್ಪಲಿಯಲ್ಲಿ ಕಳೆದವರ ಬೆರಳುಗಳು ಸಹಜವಾಗಿಯೇ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ನೆಲವನ್ನು ಚೆನ್ನಾಗಿ ಹಿಡಿಯುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದಗಳು ಸಾಮಾನ್ಯವಾಗಿ ಯೂರೋಪು ಮತ್ತು ಅಮೆರಿಕದವರ ಪಾದಗಳಿಗಿಂತ ಅಗಲವೆಂಬುದು ಆ ಸಮೀಕ್ಷೆಯಿಂದ ಕಂಡುಬಂದಿತು. ನಮ್ಮದೇ ಆದ 'ಭಾ' ಎಂಬ ಅಳತೆಯ ಕ್ರಮವನ್ನು ಸೂಚಿಸಲು ಇದೇ ಆಧಾರ. ಅಲ್ಲಿಯವರೆಗೆ ನಾವು ಬಳಸುತ್ತಿದ್ದುದು ಬ್ರಿಟಿಷರ ಕಾಲದಿಂದ ಬಂದ ಸಂಖ್ಯೆಗಳನ್ನು. ಆರು, ಏಳು, ಎಂಟು ಎಂಬ ಆ ಸಂಖ್ಯೆ ಉದ್ದವನ್ನು ಹೇಳುತ್ತದೆಯೇ ಹೊರತು ಅಗಲವನ್ನು ಹೇಳುವುದಿಲ್ಲ.

ಅಗಲಕ್ಕೆ ಬೇರೆ ಅಕ್ಷರಗಳಿವೆ. ಪುರುಷರ ಓಟದ ಶೂಗಳಲ್ಲಿ 'ಡಿ' ಎಂಬುದು ಸಾಧಾರಣ ಅಗಲ, '2ಇ' ಎಂಬುದು ಹೆಚ್ಚು ಅಗಲ, '4ಇ' ಅದಕ್ಕೂ ಹೆಚ್ಚು. ಸ್ತ್ರೀಯರಿಗೆ 'ಬಿ' ಸಾಧಾರಣ, 'ಡಿ' ಅಗಲ. ಈ ಅಕ್ಷರ ಪೆಟ್ಟಿಗೆಯ ಮೇಲೆ ಅಥವಾ ನಾಲಿಗೆಯ ಒಳಗಿನ ಚೀಟಿಯಲ್ಲಿ ಇರುತ್ತದೆ. ಕೇಳದ ಹೊರತು ಅಂಗಡಿಯವರು ಹೇಳುವುದು ಅಪರೂಪ, ಏಕೆಂದರೆ ನಮ್ಮ ಊರುಗಳ ಅಂಗಡಿಗಳ ಕಪಾಟಿನಲ್ಲಿರುವುದು ಹೆಚ್ಚಾಗಿ ಸಾಧಾರಣ ಅಗಲದವೇ. ಬಿಗಿಯೆಂದು ಗ್ರಾಹಕರು ಹೇಳಿದರೆ ಒಂದು ಸಂಖ್ಯೆ ದೊಡ್ಡದನ್ನು ತಂದುಕೊಡುತ್ತಾರೆ. ಒಂದು ಸಂಖ್ಯೆ ಏರಿದರೆ ಉದ್ದ ಸುಮಾರು ಎಂಟೂವರೆ ಮಿಲಿಮೀಟರು ಹೆಚ್ಚುತ್ತದೆ. ಅಗಲ ಹೆಚ್ಚುವುದು ಅಷ್ಟಕ್ಕಷ್ಟೆ. ಈಗ ಹಿಮ್ಮಡಿ ಜಾರತೊಡಗುತ್ತದೆ, ಶೂ ಬಾಗುವ ಜಾಗವೂ ಪಾದ ಬಾಗುವ ಜಾಗವೂ ಒಂದಕ್ಕೊಂದು ಹೊಂದುವುದಿಲ್ಲ, ಶೂವನ್ನು ಹಿಡಿದುಕೊಳ್ಳಲು ಬೆರಳುಗಳು ಪ್ರತಿ ಹೆಜ್ಜೆಗೂ ಮುದುಡಿಕೊಳ್ಳುತ್ತವೆ. ಮ್ಯಾರಥಾನಿನ 42.195 ಕಿಲೋಮೀಟರಿನಲ್ಲಿ ಹೆಜ್ಜೆಗಳು ಹತ್ತಾರು ಸಾವಿರ. ಹೆಜ್ಜೆಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಪಾದದ ಮೇಲೆ ಬೀಳುತ್ತದೆ. ಸಣ್ಣ ತಪ್ಪಳತೆಯೂ ಇಲ್ಲಿ ದೊಡ್ಡ ಗಾಯವಾಗುತ್ತದೆ.

ಇನ್ನು ಮೆತ್ತೆಯ ವಿಚಾರ. ದಪ್ಪ ಅಟ್ಟೆಯ ಮೆತ್ತನೆಯ ಶೂ ಕೆಟ್ಟದ್ದೆಂದು ನಾನು ಹೇಳಲಾರೆ. ಡಾಂಬರಿನ ರಸ್ತೆಯಲ್ಲಿ ಗಂಟೆಗಟ್ಟಲೆ ಓಡುವವರಿಗೆ, ಅದರಲ್ಲಿಯೂ ತೂಕ ಹೆಚ್ಚಿರುವವರಿಗೆ, ಅದು ನೆಮ್ಮದಿ ಕೊಡುತ್ತದೆ. ಅಟ್ಟೆಗಳು ಎಷ್ಟು ದಪ್ಪವಾಗುತ್ತ ಹೋದುವೆಂದರೆ, ರಸ್ತೆಯ ಸ್ಪರ್ಧೆಗಳಿಗೆ 40 ಮಿಲಿಮೀಟರಿನ ಮಿತಿಯನ್ನು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೇ 2020ರಲ್ಲಿ ಹಾಕಬೇಕಾಯಿತು. ತೊಂದರೆ ಇರುವುದು ಬೇರೆಡೆ. ಮೆತ್ತನೆಯ ಅಟ್ಟೆಯಲ್ಲಿ ಪಾದ ಒಳಕ್ಕೆ ಇಳಿಯುತ್ತದೆ. ಭಾರ ಬಿದ್ದಾಗ ಹರಡುತ್ತದೆ. ದೂರ ಓಡಿದಂತೆ ಊದಿಕೊಳ್ಳುತ್ತದೆ. ಅಂದರೆ ಶೂ ಮೆತ್ತಗಿದ್ದಷ್ಟೂ ಅಗಲದ ಅಗತ್ಯ ಹೆಚ್ಚು. ಅಟ್ಟೆ ಎತ್ತರವಾಗಿ ಬುಡ ಕಿರಿದಾಗಿದ್ದರೆ ಪಾದದ ಹೊರ ಅಂಚು ಅಟ್ಟೆಯಾಚೆಗೆ ಚಾಚಿ, ತಿರುವಿನಲ್ಲಿ ಕಣಕಾಲು ಉಳುಕುವ ಸಂಭವವಿದೆ. ಅಂಗಡಿಯ ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟಾಗ ಇದೊಂದೂ ತಿಳಿಯುವುದಿಲ್ಲ. ಹತ್ತಿಯ ಮೇಲೆ ನಿಂತಂತೆ ಹಿತವೆನಿಸುತ್ತದೆ, ಅಷ್ಟೆ.

ಚರಕಸಂಹಿತೆಯು ದಿನಚರ್ಯೆಯನ್ನು ಹೇಳುವಲ್ಲಿ ಪಾದಾಭ್ಯಂಗವನ್ನೂ ಪಾದತ್ರಧಾರಣೆಯನ್ನೂ, ಎಂದರೆ ಕಾಲಿಗೆ ಎಣ್ಣೆ ತಿಕ್ಕುವುದನ್ನೂ ಪಾದರಕ್ಷೆ ತೊಡುವುದನ್ನೂ, ಎರಡನ್ನೂ ವಿಧಿಸಿದೆ. ಸುಶ್ರುತರು ಪಾದವನ್ನು ವಿಷಮವಾಗಿ ಊರುವುದರಿಂದ ಬರುವ ನೋವನ್ನು ವಾತಕಂಟಕವೆಂದು, ಆಣಿಯನ್ನು ಕದರವೆಂದು ಹೆಸರಿಸಿದ್ದಾರೆ. ಚಿಕಿತ್ಸೆಯ ಮೊದಲ ಮೆಟ್ಟಿಲು ನಿದಾನ ಪರಿವರ್ಜನ, ಅಂದರೆ ರೋಗದ ಕಾರಣವನ್ನೇ ಬಿಡುವುದು. ಇಕ್ಕಟ್ಟಾದ ಶೂವನ್ನು ಹಾಗೆಯೇ ಇಟ್ಟುಕೊಂಡು "ಒಳ್ಳೆಯ ತೈಲ ಕೊಡಿ" ಎಂದು ಬರುವವರಿಗೆ ನಾನು ತೈಲ ಬರೆದುಕೊಡಲು ಹಿಂಜರಿಯುತ್ತೇನೆ. ನಮ್ಮ ವೃತ್ತಿಯವರಲ್ಲಿ ಕೆಲವರು ಹಿಂಜರಿಯುವುದಿಲ್ಲ. ಅದು ನನಗೆ ಒಪ್ಪಿಗೆಯಿಲ್ಲ.

ಶೂ ಕೊಳ್ಳಲು ಸಂಜೆಯ ಹೊತ್ತು ಒಳ್ಳೆಯದು, ಆಗ ಪಾದ ದಿನದ ನಡಿಗೆಯಿಂದ ತುಸು ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ತೊಟ್ಟು ಹೋಗಬೇಕು. ಶೂವಿನ ಒಳಹಾಸನ್ನು ಹೊರತೆಗೆದು ನೆಲಕ್ಕಿಟ್ಟು ಅದರ ಮೇಲೆ ಪೂರ್ಣ ಭಾರ ಹಾಕಿ ನಿಲ್ಲಿರಿ. ಕಿರುಬೆರಳಾಗಲಿ ಹೆಬ್ಬೆರಳಿನ ಬುಡವಾಗಲಿ ಹಾಸಿನ ಅಂಚು ದಾಟಿದರೆ ಆ ಶೂ ನಿಮ್ಮದಲ್ಲ, ಬೆಲೆ ಎಷ್ಟೇ ಇಳಿದಿರಲಿ. ಈ ಒಂದು ಪರೀಕ್ಷೆ ಅಂಗಡಿಯವರ ಹತ್ತು ಮಾತುಗಳಿಗೆ ಸಮ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಎರಡು ಪಾದಗಳಲ್ಲಿ ದೊಡ್ಡದಕ್ಕೆ ಹೊಂದಬೇಕು. ಹಿಮ್ಮಡಿ ಮಾತ್ರ ಗಟ್ಟಿಯಾಗಿ ಕೂರಬೇಕು. ನ್ಯೂ ಬ್ಯಾಲೆನ್ಸ್, ಬ್ರೂಕ್ಸ್, ಏಸಿಕ್ಸ್ ಮುಂತಾದ ಕಂಪನಿಗಳು ಕೆಲವು ಮಾದರಿಗಳನ್ನು 2ಇ ಮತ್ತು 4ಇ ಅಗಲಗಳಲ್ಲಿ ತಯಾರಿಸುತ್ತವೆ. ಆಲ್ಟ್ರಾ ಎಂಬ ಕಂಪನಿಯ ಶೂಗಳಲ್ಲಿ ಬೆರಳಿನ ಭಾಗವೇ ಪಾದದ ಆಕಾರಕ್ಕೆ ಅಗಲವಾಗಿದೆ, ಆದರೆ ಅವುಗಳಲ್ಲಿ ಹೆಚ್ಚಿನವುಗಳ ಹಿಮ್ಮಡಿಯೂ ಮುಂಗಾಲೂ ಸಮಮಟ್ಟದಲ್ಲಿರುವುದರಿಂದ ಮೀನಖಂಡ ಹೊಂದಿಕೊಳ್ಳಲು ಕೆಲವು ವಾರ ಬೇಕು. ಮುಂಗಾಲಿನ ಮೇಲೆ ಒತ್ತುವ ಕಡೆ ಲೇಸನ್ನು ಒಂದು ಜೊತೆ ತೂತು ಬಿಟ್ಟು ಕಟ್ಟಿದರೆ ಸ್ವಲ್ಪ ಬಿಡುವು ಸಿಗುತ್ತದೆ. "ಓಡುತ್ತ ಓಡುತ್ತ ಸಡಿಲವಾಗುತ್ತದೆ" ಎಂಬ ಮಾತನ್ನು ನಂಬಬೇಡಿರಿ. ಚರ್ಮದ ಮೆಟ್ಟಿಗೆ ಸಲ್ಲುವ ಮಾತು ಅದು.

ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಓಡಿ ಗೆದ್ದುದನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ದೊರೆತ ಶೂ ಅವರ ಕಾಲಿಗೆ ಹೊಂದಲಿಲ್ಲವೆಂಬುದನ್ನು ಹೇಳುವವರು ಕಡಿಮೆ. ನಾಲ್ಕು ವರ್ಷಗಳ ಅನಂತರ ಟೋಕಿಯೋದಲ್ಲಿ ಅವರು ಶೂ ತೊಟ್ಟೇ ಓಡಿದರು, ಮತ್ತೆ ಗೆದ್ದರು. ಇದನ್ನು ಓದಿ ಯಾರೂ ನಾಳೆಯೇ ಬರಿಗಾಲಿನಲ್ಲಿ ಡಾಂಬರಿಗೆ ಇಳಿಯಬಾರದು. ಅವರ ಪಾದ ವರ್ಷಗಳಿಂದ ಹಾಗೆ ಪಳಗಿತ್ತು.

ಮಧುಮೇಹಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಐವತ್ತರ ಆಸುಪಾಸಿನಲ್ಲಿ ಸಕ್ಕರೆಯ ಹತೋಟಿಗೆಂದೇ ಓಟ ಹಿಡಿದವರು ಈಗ ಬಹಳ ಮಂದಿ. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಶೂ ಕಚ್ಚಿದ್ದು ತಿಳಿಯುವುದೇ ಇಲ್ಲ, "ನನಗೆ ಸರಿಯಾಗಿದೆ" ಎಂದು ಅವರು ಹೇಳುವುದನ್ನು ನೆಚ್ಚುವಂತಿಲ್ಲ. ಇಂಥವರು ವೈದ್ಯರಿಗೆ ಪಾದ ತೋರಿಸದೆ ದೂರದ ಓಟಕ್ಕೆ ಹೆಸರು ಕೊಡಬಾರದು. ಹೊಸ ಶೂವಿನಲ್ಲಿ ಮೊದಲ ದಿನ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಓಡಬಾರದು. ರಾತ್ರಿ ಎಣ್ಣೆ ಹಚ್ಚುವಾಗ ಬೆರಳ ಸಂದುಗಳನ್ನು ಬಿಟ್ಟು ಹಚ್ಚಿ, ಅಲ್ಲಿ ಒಣಗಿರಲಿ. ಅಂಗಾಲನ್ನು ಕನ್ನಡಿ ಹಿಡಿದಾದರೂ ಪ್ರತಿದಿನ ನೋಡಿಕೊಳ್ಳಿ, ಇಲ್ಲವೇ ಮನೆಯವರಿಂದ ನೋಡಿಸಿಕೊಳ್ಳಿ. ಗುಳ್ಳೆಯೋ ಕೆಂಪು ಗೆರೆಯೋ ಕಂಡರೆ ನೋವಿಲ್ಲವೆಂದು ಸುಮ್ಮನಿರದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು, ಆ ಶೂವನ್ನೂ ಜೊತೆಗೆ ಒಯ್ಯಬೇಕು.